ಸ್ಟಿಕ್ಕರ್ ಕೆಳಗಿನ ಬ್ಯಾಟರಿ

ನನ್ನನ್ನು ಎಲ್ಲರೂ ಬಲೂನು ಎಂದು ಕರೆಯುತ್ತಾರೆ. ಹೊಟ್ಟೆ ನೋಡಿ ಇಟ್ಟ ಹೆಸರಲ್ಲ, ಮಾತು ಕೇಳಿ ಇಟ್ಟದ್ದು. ಕೆಟ್ಟು ನಿಂತ ಟ್ರಾಕ್ಟರೊಂದನ್ನು ಬರೀ ಬೈದೇ ಸ್ಟಾರ್ಟ್ ಮಾಡಿದೆ ಎಂದು ಒಮ್ಮೆ ಹೇಳಿದ್ದೆ. ಬೈದದ್ದು ನಿಜ. ಬೈದು ಸುಸ್ತಾದ ಮೇಲೆ ಡೀಸೆಲ್ ಹಾಕಿದ್ದೆ. ಡೀಸೆಲಿನ ಭಾಗ ಸೇರಿಸಿದರೆ ಕತೆ ಸಪ್ಪೆಯಾಗುತ್ತದೆ, ಅದಕ್ಕೇ ಬಿಟ್ಟೆ. ಗ್ಯಾರೇಜು ಇಟ್ಟವನು ಕೈ ಓಡಿಸಿದಷ್ಟೇ ಬಾಯಿಯನ್ನೂ ಓಡಿಸಬೇಕಾಗುತ್ತದೆ. ಗಾಡಿ ರಿಪೇರಿಯಾಗುವ ತನಕ ಬಂದವರು ಬೆಂಚಿನ ಮೇಲೆ ಕೂತು ಏನು ಮಾಡಬೇಕು ಹೇಳಿ.

ಆದರೆ ಒಂದು ಬುಧವಾರ ಮಧ್ಯಾಹ್ನ ನಾನು ಒಂದೇ ಒಂದು ನಿಜ ಹೇಳಬೇಕಾಗಿ ಬಂತು. ಆವತ್ತು ಬೆವರಿದ ಹಾಗೆ ನಾನು ಜೀವಮಾನದಲ್ಲಿ ಬೆವರಿಲ್ಲ.

ನನಗೆ ಇರುವುದು ಒಬ್ಬಳೇ ಅಕ್ಕ. ಅವಳ ಹತ್ತಿರ ಏಳು ಸೀಟಿನ ಹಳೆಯ ಡೀಸೆಲ್ ಕಾರಿದೆ. ವಾರಕ್ಕೆ ಮೂರು ದಿನ, ಬೆಳಿಗ್ಗೆ ಎಂಟು ಗಂಟೆಗೆ, ಐದು ಜನ ಕಿಡ್ನಿ ಕಾಯಿಲೆಯವರನ್ನು ಗುಡ್ಡದ ಮೇಲಿನ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತಾಳೆ, ಮಧ್ಯಾಹ್ನ ಕರೆತರುತ್ತಾಳೆ. ನಾಲ್ಕು ವರ್ಷದಿಂದ ಅದೇ ಅವಳ ಕೆಲಸ. ಯಾರ ಎಡಗೈಗೆ ಸೂಜಿ ಚುಚ್ಚುತ್ತಾರೆ, ಯಾರ ಬಲಗೈಗೆ ಎಂದು ನೋಡಿಕೊಂಡು, ಆ ಕೈ ಬಾಗಿಲಿಗೆ ತಾಗದ ಹಾಗೆ ಒಬ್ಬೊಬ್ಬರಿಗೆ ಒಂದೊಂದು ಜಾಗ ಮಾಡಿದ್ದಾಳೆ. ಅವರಲ್ಲಿ ಒಬ್ಬರು ನಿವೃತ್ತ ಟೀಚರಮ್ಮ. ಅಕ್ಕ ಬಿಟ್ಟು ಬೇರೆಯವರು ಓಡಿಸಿದರೆ ಅವರಿಗೆ ದಾರಿಯುದ್ದಕ್ಕೂ ವಾಂತಿ.

ಆ ಗುಡ್ಡಕ್ಕೆ ಒಂಬತ್ತು ತಿರುವು. ಏಳನೆಯದು ಕತ್ತಿನ ಪಟ್ಟಿ ಹಿಡಿದು ಎತ್ತಿದ ಹಾಗೆ ಏಕಾಏಕಿ ಮೇಲೇರುತ್ತದೆ. ಹಿಂದಿನ ತಿಂಗಳು ಅಲ್ಲೇ ಅಕ್ಕನ ಕಾರು ಉಬ್ಬಸ ಬಂದವರ ಹಾಗೆ ಏದುಸಿರು ಬಿಟ್ಟು ನಿಂತುಬಿಟ್ಟಿತು. ಐದೂ ಜನ ಇಳಿದರು. ಟೀಚರಮ್ಮ ರಸ್ತೆಯ ಕಟ್ಟೆಯ ಮೇಲೆ ಕೂತರು. ಖಾಲಿ ಕಾರನ್ನು ಅಕ್ಕ ಮೇಲಕ್ಕೆ ಹತ್ತಿಸಿ ನಿಲ್ಲಿಸಿದಳು, ಅವರು ನಡೆದು ಬಂದು ಹತ್ತಿದರು. ಇದು ಆಸ್ಪತ್ರೆಯ ವಾಹನ ನೋಡಿಕೊಳ್ಳುವ ಸಾಹೇಬರ ಕಿವಿಗೆ ಬಿತ್ತು. ಮಾತಿಗೊಮ್ಮೆ ಕೈಗಡಿಯಾರ ನೋಡುವ ಚಾಳಿ ಇರುವುದರಿಂದ ಅವರಿಗೆ ನಮ್ಮ ಕಡೆ ಗಡಿಯಾರ ಸಾಹೇಬರು ಎಂದೇ ಹೆಸರು.

ಅವರು ಸೀದಾ ನನ್ನ ಗ್ಯಾರೇಜಿಗೇ ಬಂದರು. ಅಕ್ಕನೂ ಅಲ್ಲೇ ಇದ್ದಳು.

"ನೋಡಮ್ಮ, ಗುರುವಾರ ನಾನೇ ಬಂದು ಕೂರ್ತೀನಿ. ಅವರು ಐದು ಜನ, ನೀನು, ನಾನು. ಕೆಳಗಿಂದ ಮೇಲಿನವರೆಗೆ ಎಲ್ಲೂ ನಿಲ್ಲಬಾರದು. ನಿಂತ್ರೆ ಶನಿವಾರದಿಂದ ಬೇರೆ ವ್ಯಾನು ಬರುತ್ತೆ," ಎಂದರು.

ಅಕ್ಕ ಬಾಯಿ ತೆರೆಯುವ ಮೊದಲೇ ನನ್ನ ಬಾಯಿ ತೆರೆದಿತ್ತು.

"ನಿಲ್ಲೋ ಮಾತೇ ಇಲ್ಲ ಸಾರ್. ಏಳನೇ ತಿರುವನ್ನ ನಾಲ್ಕನೇ ಗೇರಲ್ಲಿ ಹತ್ತುತ್ತೆ ನೋಡ್ತಾ ಇರಿ. ಲೀಟರ್‌ಗೆ ಇಪ್ಪತ್ತೆರಡು ಕಿಲೋಮೀಟರ್ ಬೇರೆ. ತುಂಬಿದ ಲೋಟ ಕೈಯಲ್ಲಿ ಹಿಡ್ಕೊಂಡು ಕೂತ್ಕೊಳ್ಳಿ, ಒಂದು ಹನಿ ತುಳುಕಿದ್ರೆ ನನ್ನ ಮೀಸೆ ಬೋಳಿಸಿ."

"ನಿನಗೆ ಮೀಸೆನೇ ಇಲ್ವಲ್ಲಯ್ಯ."

"ಗುರುವಾರದೊಳಗೆ ಬೆಳೆಸ್ತೀನಿ ಸಾರ್."

ಸಾಹೇಬರು ನಕ್ಕರು. ನಗುತ್ತಲೇ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು, ನಾಲ್ಕನೇ ಗೇರು, ಇಪ್ಪತ್ತೆರಡು ಎಂದು ಬರೆದುಕೊಂಡರು. ಅದು ನನಗೆ ಹಿಡಿಸಲಿಲ್ಲ. ಬಾಯಿಮಾತು ಗಾಳಿಗೆ ಹೋಗುತ್ತದೆ, ಬರೆದದ್ದು ಹೋಗುವುದಿಲ್ಲ. ಅಕ್ಕ ನನ್ನ ಕಾಲನ್ನು ಬಲವಾಗಿ ತುಳಿದಳು. ಅವಳು ಹಾಕಿಕೊಂಡಿದ್ದದ್ದು ಡ್ರೈವಿಂಗ್ ಶೂ.

ಆಮೇಲೆ ಕಾರನ್ನು ಬಿಚ್ಚಿ ನೋಡಿದೆ. ಟರ್ಬೊಗೆ ಹೋಗುವ ಗಾಳಿಯ ಪೈಪು ಸೀಳಿತ್ತು, ಬದಲಾಯಿಸಿದೆ. ಫಿಲ್ಟರು ಹೊಸದು ಹಾಕಿದೆ. ಕಾರು ಚೇತರಿಸಿಕೊಂಡಿತು, ಆದರೂ ಏಳು ಜನರ ಭಾರ ಹೇರಿದರೆ ಏರಿನಲ್ಲಿ ಎಳೆಯಲು ಸೋಮಾರಿ. ಆ ಮಾಡೆಲ್ ಹುಟ್ಟಿನಿಂದಲೇ ಹಾಗೆ. ಆಗ ನನಗೆ ಕೇಬಲ್ ನೆನಪಾದ.

ಕೇಬಲ್ ಎಂದರೆ ಕಾರುಗಳ ಕಂಪ್ಯೂಟರಿಗೆ ಕೈ ಹಾಕುವವನು. ಕುತ್ತಿಗೆಗೆ ಸದಾ ಒಂದು ವೈರು ಸುತ್ತಿಕೊಂಡಿರುತ್ತಾನೆ, ಗಾಡಿಯ ವಿಷಯ ಬಿಟ್ಟರೆ ಒಂದು ಮಾತಿಗೆ ಬದಲು ಅರ್ಧ ಮಾತು ಆಡುತ್ತಾನೆ. ಬುಧವಾರ ಊಟದ ಹೊತ್ತಿಗೆ ಲ್ಯಾಪ್‌ಟಾಪ್ ಹಿಡಿದು ಬಂದ. ಅಕ್ಕ ಅವನಿಗೆ ಎದುರಾಗಿ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಏನು ಮಾಡ್ತೀಯ ಅಂತ ನನಗೆ ಅರ್ಥ ಆಗೋ ಹಾಗೆ ಹೇಳು. ಆಮೇಲೆ ಕಾರು ಮುಟ್ಟು."

"ಇಂಜಿನ್ ಪಕ್ಕ ಒಂದು ಡಬ್ಬ ಇದೆ ಅಕ್ಕ. ಅದೇ ಮಿದುಳು. ಎಷ್ಟು ಡೀಸೆಲ್ ಬಿಡಬೇಕು, ಯಾವ ಗಳಿಗೆಗೆ ಬಿಡಬೇಕು, ಟರ್ಬೊ ಎಷ್ಟು ಗಾಳಿ ಊದಬೇಕು, ಎಲ್ಲಾ ಅದರೊಳಗೆ ಬರೆದಿದೆ. ಅದಕ್ಕೆ ಮ್ಯಾಪ್ ಅಂತೀವಿ. ಕಂಪನಿಯವರು ಸ್ವಲ್ಪ ಬಿಗಿ ಹಿಡಿದು ಬರೆದಿರ್ತಾರೆ. ನಾನು ಒಂಚೂರು ಸಡಿಲ ಮಾಡಿ ಬರೀತೀನಿ. ಕೆಳಗಿನ ವೇಗದಲ್ಲೇ ಎಳೆತ ಬರುತ್ತೆ. ಆಕ್ಸಿಲರೇಟರ್ ಕಡಿಮೆ ತುಳೀತೀರ, ಡೀಸೆಲ್ ಉಳಿಯುತ್ತೆ."

"ಹೊಗೆ?"

"ಕಪ್ಪು ಹೊಗೆ ಬಂದ್ರೆ ನನಗೆ ಕೆಲಸ ಬರಲ್ಲ ಅಂತ ಲೆಕ್ಕ."

"ನಾಲ್ಕನೇ ಗೇರಲ್ಲಿ ಹತ್ತುತ್ತಾ?"

ಕೇಬಲ್ ನನ್ನ ಕಡೆ ನೋಡಿದ. "ಯಾರು ಹೇಳಿದ್ದು? ಬಲೂನಣ್ಣನಾ? ಏಳನೇ ತಿರುವು ಎರಡರಲ್ಲಿ. ಮಿಕ್ಕಿದ್ದು ಮೂರರಲ್ಲಿ. ಅದಕ್ಕಿಂತ ಮೇಲೆ ಹೋದ್ರೆ ಕ್ಲಚ್ ಸುಟ್ಟುಹೋಗುತ್ತೆ."

"ನಿಲ್ಲಲ್ಲ ತಾನೆ?"

"ನಿಲ್ಲಲ್ಲ."

ಅಕ್ಕ ಕೀ ಕೊಟ್ಟಳು.

ಕಾರನ್ನು ಶೆಡ್ಡಿನ ಒಳಗೆ, ಮೂತಿ ಗೋಡೆಗೆ ಮಾಡಿ ನಿಲ್ಲಿಸಿದ್ದೆವು. ಕೇಬಲ್ ಬಾನೆಟ್ ಎತ್ತಿದ, ಬ್ಯಾಟರಿಯನ್ನು ಬೆರಳಲ್ಲಿ ತಟ್ಟಿದ.

"ಬ್ಯಾಟರಿ ಹೇಗಿದೆ? ಬರೆಯೋಕೆ ಹನ್ನೆರಡು ನಿಮಿಷ ಬೇಕು. ನಡುವೆ ಕರೆಂಟ್ ಕುಸಿದ್ರೆ ಮಿದುಳು ಅರ್ಧಕ್ಕೆ ನಿಲ್ಲುತ್ತೆ. ಆಮೇಲೆ ಆ ಡಬ್ಬಾನ ಎಡೆಗೆ ಇಟ್ಟು ಕೈ ಮುಗಿಯೋದೇ. ಇನ್ನೊಂದು ತರಿಸೋಕೆ ಮೂರು ವಾರ."

"ಹೊಸದು. ಎರಡು ತಿಂಗಳ ಹಿಂದೆ ನಾನೇ ತಂದಿದ್ದು, ಇವನೇ ಹಾಕಿದ್ದು," ಎಂದಳು ಅಕ್ಕ.

ಬ್ಯಾಟರಿಯ ನೆತ್ತಿಯ ಮೇಲೆ ಹೊಸ ಸ್ಟಿಕ್ಕರು ಮಿಂಚುತ್ತಿತ್ತು. ನಾನು, "ಹಡಗು ಸ್ಟಾರ್ಟ್ ಮಾಡಬಹುದು," ಎಂದೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಿಮಗೆ ಮಾತ್ರ ಹೇಳುತ್ತೇನೆ, ಆ ಬ್ಯಾಟರಿ ಹೊಸದಲ್ಲ. ಅಕ್ಕ ಹೊಸ ಬ್ಯಾಟರಿ ತಂದುಕೊಟ್ಟ ದಿನವೇ ತರಕಾರಿ ಲಾರಿಯವನೊಬ್ಬ ನನ್ನ ಶೆಡ್ಡಿನ ಮುಂದೆ ಕೆಟ್ಟು ನಿಂತ. ಹಿಂದುಗಡೆ ಲೋಡು ಟೊಮೇಟೊ ಬಿಸಿಲಿಗೆ ಬಾಡುತ್ತಿತ್ತು, ಮುಂದುಗಡೆ ಅವನ ಮುಖವೂ ಹಾಗೇ ಇತ್ತು. ಸಂಜೆಗೆ ವಾಪಸ್ ಕೊಡುತ್ತೇನೆ ಅಂದ. ನನ್ನ ಕೈ ದೊಡ್ಡದು, ಅದೂ ಬೇರೆಯವರ ಸಾಮಾನಿದ್ದರೆ ಇನ್ನೂ ದೊಡ್ಡದಾಗುತ್ತದೆ. ಅಕ್ಕನ ಬ್ಯಾಟರಿ ಅವನ ಲಾರಿಗೆ ಹೋಯಿತು. ಅವನು ಟೊಮೇಟೊ ಸಮೇತ ಮಾಯವಾದ, ಫೋನೂ ಎತ್ತಲಿಲ್ಲ. ಅಕ್ಕನ ಕಾರಿಗೆ ಮೂಲೆಯಲ್ಲಿ ಬಿದ್ದಿದ್ದ ಹಳೆಯದೊಂದನ್ನು ತೊಳೆದು, ಚಾರ್ಜ್ ಮಾಡಿ ಕೂರಿಸಿದೆ. ಹೊಸದನ್ನು ಲಾರಿಗೆ ಕೊಡುವ ಮೊದಲು ಅದರಿಂದ ಕಿತ್ತಿಟ್ಟುಕೊಂಡಿದ್ದ ಸ್ಟಿಕ್ಕರನ್ನು ಇದರ ಮೇಲೆ ಅಂಟಿಸಿದೆ. ಒಂದು ವಾರದ ಮಟ್ಟಿಗೆ ಅಂದುಕೊಂಡಿದ್ದೆ. ಕಾರು ದಿನಾ ಬೆಳಿಗ್ಗೆ ಸ್ಟಾರ್ಟ್ ಆಗುತ್ತಿತ್ತು. ಸ್ಟಾರ್ಟ್ ಆಗುವ ಸುಳ್ಳನ್ನು ಯಾರು ಬಿಚ್ಚಿ ನೋಡುತ್ತಾರೆ.

ಬುಧವಾರವೂ ನನಗೆ ಅಂಥ ಹೆದರಿಕೆ ಇರಲಿಲ್ಲ. ಹಿಂದಿನ ದಿನವೇ ಅದನ್ನು ಪೂರ್ತಿ ಚಾರ್ಜ್ ಮಾಡಿದ್ದೆ, ಕೇಬಲ್ ಮೀಟರ್ ಇಟ್ಟಾಗ ಹನ್ನೆರಡೂ ಮುಕ್ಕಾಲು ವೋಲ್ಟ್ ತೋರಿಸಿತು. ಜೊತೆಗೆ ಅವನೇ ತನ್ನ ಚಾರ್ಜರನ್ನೂ ಬ್ಯಾಟರಿಗೆ ಸಿಕ್ಕಿಸಿ, ಅದರ ವೈರನ್ನು ಗೋಡೆಯ ಸ್ವಿಚ್‌ಬೋರ್ಡಿಗೆ ಎಳೆದ. ಚಾರ್ಜರ್ ಇರುವ ತನಕ ಬ್ಯಾಟರಿ ಹೊಸದಾದರೇನು, ಹಳೆಯದಾದರೇನು.

ಮೊದಲು ಹಳೆಯ ಮ್ಯಾಪನ್ನು ಓದಿ ಲ್ಯಾಪ್‌ಟಾಪಿನಲ್ಲಿ ಜೋಪಾನ ಮಾಡಿದ. ಅಂಕಿಗಳನ್ನು ಅಲ್ಲಿಷ್ಟು ಇಲ್ಲಿಷ್ಟು ತಿದ್ದಿದ. ಸ್ಟೀರಿಂಗ್ ಕೆಳಗಿನ ಕಿಂಡಿಗೆ ಕುತ್ತಿಗೆಯ ವೈರು ಬಿಚ್ಚಿ ಸಿಕ್ಕಿಸಿದ. "ಇನ್ನು ಬಾಗಿಲು ತೆಗೆಯೋ ಹಾಗಿಲ್ಲ, ಕೀ ಮುಟ್ಟೋ ಹಾಗಿಲ್ಲ, ಲೈಟು, ಹಾರ್ನು ಏನೂ ಇಲ್ಲ," ಎಂದು ಹೇಳಿ ಒಂದು ಗುಂಡಿ ಒತ್ತಿದ. ಕಾರಿನ ರೇಡಿಯೇಟರ್ ಫ್ಯಾನು ತಾನಾಗಿಯೇ ಭರ್ರೆಂದು ತಿರುಗತೊಡಗಿತು. ಮಿದುಳು ಬರೆಸಿಕೊಳ್ಳುವಾಗ ಫ್ಯಾನಿಗೆ ಹೇಳುವವರು ಕೇಳುವವರು ಇಲ್ಲ, ಅದು ಓಡುತ್ತಲೇ ಇರುತ್ತದಂತೆ. ಪರದೆಯ ಮೇಲೆ ಶೇಕಡಾ ಒಂದು, ಎರಡು, ಮೂರು. ಮೂಲೆಯಲ್ಲಿ ವೋಲ್ಟ್, ಹದಿಮೂರೂವರೆ.

ಆ ಹೊತ್ತಿಗೆ ಅಮ್ಮ ಊಟದ ಡಬ್ಬಿ ಹಿಡಿದುಕೊಂಡು ಬಂದಳು.

ನಮ್ಮ ಅಮ್ಮನ ಬಗ್ಗೆ ಒಂದು ಮಾತು. ಯಾವ ಸ್ವಿಚ್ಚು ಆನ್ ಆಗಿದ್ದರೂ ಅವಳಿಗೆ ತಡೆಯಲು ಆಗುವುದಿಲ್ಲ. ನಾವು ಊಟ ಮಾಡುತ್ತಿರುವಾಗಲೇ ನಮ್ಮ ತಲೆಯ ಮೇಲಿನ ದೀಪ ಆರಿಸಿ ಹೋಗಿದ್ದಾಳೆ. ಮಾತಾಡುತ್ತಾ, ನಡೆಯುತ್ತಾ, ಕಣ್ಣು ಇನ್ನೆಲ್ಲೋ ಇದ್ದರೂ ಕೈ ಮಾತ್ರ ಗೋಡೆಗೆ ಹೋಗುತ್ತದೆ.

"ಬಿಸಿ ಇರುವಾಗಲೇ ತಿನ್ರೋ," ಎನ್ನುತ್ತಾ ಡಬ್ಬಿಯನ್ನು ಬೆಂಚಿನ ಮೇಲಿಟ್ಟಳು. ಕೈ ಗೋಡೆಗೆ ಹೋಯಿತು. ಟಕ್.

ನಾನು ನೋಡಿದ್ದೆ. ನೋಡಿದೆ ಅಂತ ಗೊತ್ತಾಗುವ ಹೊತ್ತಿಗೆ ಆಗಿಹೋಗಿತ್ತು. ಚಾರ್ಜರಿನ ಹಸಿರು ದೀಪ ಆರಿತು.

"ಅಮ್ಮಾ, ಏನು ಮಾಡಿದೆ?" ಅಕ್ಕ ಬೋರ್ಡಿನ ಕಡೆ ಹಾರಿದಳು.

"ಮುಟ್ಟಬೇಡಿ," ಎಂದ ಕೇಬಲ್. ಅಕ್ಕನ ಕೈ ಸ್ವಿಚ್ಚಿನಿಂದ ಒಂದು ಗೇಣು ದೂರದಲ್ಲಿ ನಿಂತಿತು. "ಆ ಚಾರ್ಜರ್ ಮತ್ತೆ ಶುರುವಾದ್ರೆ ಮೊದಲು ಒಮ್ಮೆಲೇ ಕರೆಂಟ್ ನುಗ್ಗಿಸಿ ಬ್ಯಾಟರೀನ ಒದ್ದು ನೋಡುತ್ತೆ, ಜೋರಾಗಿ. ಬರೆಯೋವಾಗ ಅದು ಆಗಬಾರದು. ಬಿಟ್ಟುಬಿಡಿ. ಬ್ಯಾಟರಿ ಹೊಸದು ತಾನೆ, ಎಂಟು ನಿಮಿಷ ಆರಾಮಾಗಿ ತಡೆಯುತ್ತೆ."

"ನಾನೇನು ಮಾಡಿದ್ನಪ್ಪ, ಸುಮ್ನೆ ಉರೀತಾ ಇತ್ತು," ಎಂದಳು ಅಮ್ಮ. ಮುಖ ಬಾಡಿತ್ತು.

"ಏನೂ ಆಗಲ್ಲ ಅಮ್ಮ, ಕೂತ್ಕೊಳ್ಳಿ," ಎಂದ ಕೇಬಲ್. "ಹನ್ನೊಂದೂವರೆಗಿಂತ ಕೆಳಗೆ ಇಳೀಬಾರದು ಅಷ್ಟೇ. ಹೊಸ ಬ್ಯಾಟರಿ ಅಲ್ಲಿಗೆಲ್ಲಾ ಇಳಿಯಲ್ಲ."

ಶೇಕಡಾ ಮೂವತ್ತೆಂಟು. ವೋಲ್ಟ್ ಹನ್ನೆರಡೂವರೆ.

ಮೂವರೂ ನೆಮ್ಮದಿಯಾಗಿ ಪರದೆ ನೋಡುತ್ತಿದ್ದರು. ನೆಮ್ಮದಿ ಇಲ್ಲದಿದ್ದವನು ನಾನೊಬ್ಬನೇ. ಫ್ಯಾನು ಭರ್ರೆಂದು ಓಡುತ್ತಿತ್ತು. ಅದು ಓಡುತ್ತಿದ್ದದ್ದು ನನ್ನ ಹಳೆಯ ಬ್ಯಾಟರಿಯ ರಕ್ತ ಹೀರಿಕೊಂಡು. ತಡೆಯಬಹುದು ಎಂದು ಒಂದು ಮನಸ್ಸು. ತಡೆಯದಿದ್ದರೆ ನಾಳೆ ಎಂಟು ಗಂಟೆಗೆ ಅಕ್ಕನ ಕಾರು ಇದೇ ಗೋಡೆಗೆ ಮೂತಿ ಇಟ್ಟುಕೊಂಡು ನಿಂತಿರುತ್ತದೆ, ಟೀಚರಮ್ಮ ಬೇರೆ ಯಾರದೋ ವ್ಯಾನಿನಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಕೂತಿರುತ್ತಾರೆ ಎಂದು ಇನ್ನೊಂದು ಮನಸ್ಸು.

ಹನ್ನೆರಡೂ ಕಾಲು. ಶೇಕಡಾ ನಲವತ್ತೆರಡು.

"ಅಕ್ಕ," ಎಂದೆ. "ಆ ಬ್ಯಾಟರಿ ಹೊಸದಲ್ಲ."

ಅಕ್ಕ ತಿರುಗಿಯೂ ನೋಡಲಿಲ್ಲ. "ಈಗ ಬೇಡ ಕಣೋ ನಿನ್ನ ತಮಾಷೆ."

"ತಮಾಷೆ ಅಲ್ಲ. ಹೊಸದು ತರಕಾರಿ ಲಾರಿಯವನ ಹತ್ರ ಇದೆ. ಇದು ಮೂಲೇಲಿ ಬಿದ್ದಿದ್ದು."

ಕೇಬಲ್ ಮೂಗಿನಲ್ಲೇ ನಕ್ಕ. "ಹೋದ ಸಲ ಬಂದಾಗ ಬ್ಯಾಟರಿ ಇಲ್ಲದೆ ಕಾರು ಓಡಿಸಿದ್ದೆ ಅಂದಿದ್ದೆ ಬಲೂನಣ್ಣ. ಮೊಸಳೆ ತಳ್ಳಿತ್ತು ಅಂತ."

"ಅದು ಸುಳ್ಳು. ಇದು ನಿಜ."

"ಸುಮ್ನಿರೋ, ಅವಳು ಮೊದಲೇ ಗಾಬರಿ ಆಗಿದ್ದಾಳೆ," ಎಂದು ಅಮ್ಮನೂ ಗದರಿದಳು.

ಇಪ್ಪತ್ತು ವರ್ಷ ಎಷ್ಟೋ ರೈಲು ಬಿಟ್ಟಿದ್ದೇನೆ, ಒಂದಕ್ಕೂ ಪ್ರಯಾಣಿಕರು ಕಡಿಮೆ ಇರಲಿಲ್ಲ. ನಿಜದ ರೈಲು ಹೊರಟಾಗ ಪ್ಲಾಟ್‌ಫಾರ್ಮಿನಲ್ಲಿ ಒಂದು ನರಪಿಳ್ಳೆಯೂ ಇಲ್ಲ.

ಹನ್ನೆರಡೂ ಚಿಲ್ಲರೆ. ಚಿಲ್ಲರೆಯೂ ಕಡಿಮೆಯಾಗುತ್ತಿತ್ತು. ಕೇಬಲ್‌ನ ಹುಬ್ಬು ಗಂಟಾಯಿತು. "ಹೊಸದು ಇಷ್ಟು ಬೇಗ ಇಳೀಬಾರದಲ್ಲ," ಎಂದು ತನಗೇ ಹೇಳಿಕೊಂಡ.

ನಾನು ಬಾನೆಟ್ ಕಡೆ ನಡೆದೆ. ಅವನು ನನ್ನ ಮಣಿಕಟ್ಟು ಹಿಡಿದ. "ಏನೂ ಮುಟ್ಟಬೇಡ."

"ಸ್ಟಿಕ್ಕರ್ ಮಾತ್ರ."

ಹೆಬ್ಬೆರಳಿನ ಉಗುರಿನಿಂದ ಸ್ಟಿಕ್ಕರಿನ ಮೂಲೆ ಎಬ್ಬಿಸಿ ಕಿತ್ತೆ. ಅರ್ಧ ಬಂತು, ಅಷ್ಟು ಸಾಕಿತ್ತು. ನನ್ನದೊಂದು ಪದ್ಧತಿ ಇದೆ. ಯಾವ ಬ್ಯಾಟರಿ ಕೂರಿಸಿದರೂ ಅದರ ನೆತ್ತಿಯ ಮೇಲೆ ಮೊಳೆಯಿಂದ ತಿಂಗಳು, ವರ್ಷ ಗೀರುತ್ತೇನೆ. ಆಮೇಲೆ ಗಿರಾಕಿ ಬಂದು ಮೊನ್ನೆ ತಾನೆ ಹಾಕಿದ್ದೆಯಲ್ಲ ಎಂದು ಜಗಳ ತೆಗೆಯಬಾರದಲ್ಲ, ಅದಕ್ಕೆ. ಸ್ಟಿಕ್ಕರಿನ ಕೆಳಗೆ ನನ್ನದೇ ಗೀರು ಇತ್ತು. ಐದು ವರ್ಷದ ಹಿಂದಿನ ತಾರೀಖು.

ಅಕ್ಕ ಬಗ್ಗಿ ನೋಡಿದಳು. ಚಿಕ್ಕವನಿದ್ದಾಗ ನನಗೆ ಅಂಕಿ ತಿದ್ದಿಸಿದವಳು ಅವಳೇ. ನಾನು ಬರೆಯುವ ಎರಡು ಯಾವಾಗಲೂ ಬಾತುಕೋಳಿಯ ಹಾಗೆ ಕತ್ತು ಬಗ್ಗಿಸಿಕೊಂಡಿರುತ್ತದೆ. ಎಷ್ಟು ಹೊಡೆದರೂ ನೆಟ್ಟಗಾಗಿರಲಿಲ್ಲ. ಆ ಬಾತುಕೋಳಿ ಅಲ್ಲೇ ಕೂತಿತ್ತು.

ಅವಳು ನನ್ನ ಮುಖ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

"ಈಗೇನು ಮಾಡೋದು?" ಎಂದು ಕೇಬಲ್‌ನನ್ನು ಕೇಳಿದಳು.

ಅವನ ಮುಖದ ಬಣ್ಣ ಹೋಗಿತ್ತು. "ಇನ್ನೊಂದು ಬ್ಯಾಟರಿ. ಗಟ್ಟಿ ಇರೋದು. ಪಕ್ಕದಲ್ಲಿಟ್ಟು ಇದಕ್ಕೆ ಜೋಡಿಸಬೇಕು. ಜೋಡಿಸೋವಾಗ ಕೈ ನಡುಗಬಾರದು. ಹನ್ನೊಂದೂವರೆ ಆಗೋ ಮುಂಚೆ."

ನನ್ನ ವ್ಯಾನು ಗೇಟಿನ ಹತ್ತಿರ ನಿಂತಿತ್ತು. ಅದರಲ್ಲಿ ಎಂಟು ತಿಂಗಳ ಬ್ಯಾಟರಿ, ಅದು ನಿಜವಾಗಿಯೂ ಎಂಟು ತಿಂಗಳಿನದು. ವ್ಯಾನನ್ನು ಹತ್ತಿರ ತರೋಣವೆಂದರೆ ಅಕ್ಕನ ಕಾರಿನ ಮೂತಿ ಗೋಡೆಗೆ ಇದೆ, ವೈರು ಎಟುಕುವುದಿಲ್ಲ. ಬಿಚ್ಚಿಯೇ ತರಬೇಕು.

"ಎಷ್ಟು ಹೊತ್ತು ಬೇಕು?" ಅಕ್ಕ ಕೇಳಿದಳು.

"ಎರಡು ನಿಮಿಷ."

"ಯಾವಾಗ್ಲೂ ನಲವತ್ತು ಸೆಕೆಂಡು ಅಂತೀಯಲ್ಲ."

"ಅದು ಮಾತಿಗೆ. ಎರಡು ನಿಮಿಷ ಬೇಕು."

ಅವಳು ತಲೆ ಆಡಿಸಿದಳು. ಆ ತಲೆಯಾಡಿಸುವಿಕೆಯಲ್ಲಿ ನನ್ನನ್ನು ನಂಬಿದಳು ಎಂದು ನನಗೆ ಗೊತ್ತಾಯಿತು. "ಓಡು."

ಹತ್ತನೇ ನಂಬರ್ ಸ್ಪ್ಯಾನರ್ ಹಿಡಿದು ಓಡಿದೆ. ಮೊದಲ ನಟ್ಟು ಸಲೀಸಾಗಿ ಬಂತು. ಎರಡನೆಯದು ತುಕ್ಕು ಹಿಡಿದು ಮುನಿಸಿಕೊಂಡಿತ್ತು. ಬೇರೆ ದಿನವಾಗಿದ್ದರೆ ಅದಕ್ಕೆ ಒಂದು ಕತೆ ಹೇಳುತ್ತಿದ್ದೆ. ಆವತ್ತು ಹಲ್ಲು ಕಚ್ಚಿ ತಿರುಗಿಸಿದೆ, ಗೆಣ್ಣು ಸುಲಿದು ರಕ್ತ ಬಂತು. ಶೆಡ್ಡಿನ ಒಳಗಿಂದ ಕೇಬಲ್ ಅಂಕಿ ಕೂಗುತ್ತಿದ್ದ.

"ಹನ್ನೊಂದು ಪಾಯಿಂಟ್ ಒಂಬತ್ತು. ಶೇಕಡಾ ಐವತ್ತೈದು."

ಕ್ಲಾಂಪು ಬಿಚ್ಚಿದೆ.

"ಹನ್ನೊಂದು ಪಾಯಿಂಟ್ ಎಂಟು."

ಬ್ಯಾಟರಿಯನ್ನು ಎದೆಗೆ ಅವುಚಿಕೊಂಡೆ. ಹದಿನೈದು ಕೆಜಿ ಇರಬೇಕು. ಆವತ್ತು ಅದು ಐವತ್ತು ಕೆಜಿ ಇತ್ತು, ಇದನ್ನು ಮಾತ್ರ ನೀವು ಸ್ವಲ್ಪ ನಂಬಬೇಕು. ನೆಲದ ಆಯಿಲ್ ಕಲೆಯ ಮೇಲೆ ಕಾಲು ಜಾರಿ, ಬೀಳದೆ, ಕಾರಿನ ಪಕ್ಕ ಬಂದು ಸ್ಟೂಲಿನ ಮೇಲೆ ಇಟ್ಟೆ. ಅಕ್ಕ ಆಗಲೇ ಜಂಪರ್ ವೈರು ಬಿಡಿಸಿ ಹಿಡಿದು ನಿಂತಿದ್ದಳು.

"ಪಾಯಿಂಟ್ ಏಳು. ಶೇಕಡಾ ಅರವತ್ತಾರು," ಎಂದ ಕೇಬಲ್. "ಕೆಂಪು ಕೆಂಪಿಗೆ ಮೊದಲು. ಕಪ್ಪು ಆಮೇಲೆ. ಕೊನೇ ಕ್ಲಿಪ್ಪು ಇಂಜಿನ್ ಕಬ್ಬಿಣಕ್ಕೆ, ಬ್ಯಾಟರಿಗಲ್ಲ. ಒಂದೇ ಸಲ ಕಚ್ಚಬೇಕು. ಕಚ್ಚಿ ಬಿಟ್ಟು, ಕಚ್ಚಿ ಬಿಟ್ಟು ಮಾಡಿದ್ರೆ ಮುಗೀತು."

ಕೆಂಪು ಎರಡೂ ಕಡೆ ಹಾಕಿದೆ. ಕಪ್ಪಿನ ಒಂದು ತುದಿಯನ್ನು ನನ್ನ ಬ್ಯಾಟರಿಗೆ ಹಾಕಿದೆ. ಕೊನೆಯ ಕ್ಲಿಪ್ಪು ಕೈಯಲ್ಲಿ ಉಳಿಯಿತು. ಇಂಜಿನ್ನಿನ ಮೇಲೆ ಕೈ ಚಾಚಿದೆ, ಕೈ ಗಡಗಡ ನಡುಗುತ್ತಿತ್ತು. ಗೆಣ್ಣಿನ ರಕ್ತ ಕ್ಲಿಪ್ಪಿಗೆ ಮೆತ್ತಿತ್ತು.

"ಪಾಯಿಂಟ್ ಆರು."

"ಕೊಡು ಇಲ್ಲಿ," ಎಂದಳು ಅಕ್ಕ.

ಅವಳು ಕ್ಲಿಪ್ಪು ಇಸಿದುಕೊಂಡಳು. ಒಂದು ಸಲ ಉಸಿರು ಎಳೆದುಕೊಂಡಳು. ಗುಡ್ಡದ ತಿರುವಿನಲ್ಲಿ ಗೇರು ಇಳಿಸುವಾಗ ಅವಳ ಮುಖ ಹೇಗಿರುತ್ತದೋ ಹಾಗೇ ಇತ್ತು, ರೇಗಿದ್ದೂ ಅಲ್ಲ, ಹೆದರಿದ್ದೂ ಅಲ್ಲ. ಇಂಜಿನ್ನಿನ ಕಬ್ಬಿಣದ ಕಿವಿಗೆ ಕ್ಲಿಪ್ಪನ್ನು ಗಬಕ್ಕನೆ ಕಚ್ಚಿಸಿದಳು. ಸಾಸಿವೆಯಷ್ಟು ಕಿಡಿ ಹಾರಿತು.

ಪರದೆಯ ಮೂಲೆಯ ಅಂಕಿ ಮಿಟುಕಿತು. ಹನ್ನೊಂದು ಪಾಯಿಂಟ್ ಐದು. ಮತ್ತೆ ಮಿಟುಕಿತು. ಹನ್ನೊಂದು ಪಾಯಿಂಟ್ ಒಂಬತ್ತು. ಹನ್ನೆರಡು. ಹನ್ನೆರಡು ಪಾಯಿಂಟ್ ಮೂರು.

ಶೇಕಡಾ ಎಪ್ಪತ್ತು. ನಿಂತಿರಲಿಲ್ಲ. ಎಪ್ಪತ್ತೊಂದು.

ಉಳಿದ ಮೂರೂವರೆ ನಿಮಿಷ ನಾವು ಮೂವರು ಫೋಟೋಗೆ ನಿಂತವರ ಹಾಗೆ ನಿಂತಿದ್ದೆವು. ಅಮ್ಮ ಮಾತ್ರ ಬೆಂಚಿನ ಮೇಲೆ ಕೂತಿದ್ದಳು, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು. ಇನ್ನೇನಾದರೂ ಆರಿಸಿಬಿಟ್ಟೇನು ಎಂದು ಅವಳಿಗೇ ಅವಳ ಕೈ ಮೇಲೆ ನಂಬಿಕೆ ಇರಲಿಲ್ಲ.

ನೂರು. ಫ್ಯಾನು ನಿಂತಿತು. ಶೆಡ್ಡಿನಲ್ಲಿ ಅಷ್ಟು ಹೊತ್ತು ಅಷ್ಟೊಂದು ಸದ್ದಿತ್ತು ಎಂದು ಆಗಲೇ ಗೊತ್ತಾದದ್ದು.

"ಕೀ ಆಫ್ ಮಾಡಿ ಅಕ್ಕ. ಮೂವತ್ತು ಎಣಿಸಿ. ಆಮೇಲೆ ಆನ್ ಮಾಡಿ," ಎಂದ ಕೇಬಲ್.

ಅವಳು ಜೋರಾಗಿಯೇ ಎಣಿಸಿದಳು. ಮೂವತ್ತಕ್ಕೆ ಕೀ ತಿರುಗಿಸಿದಳು. ಮೊದಲ ಸುತ್ತಿಗೇ ಇಂಜಿನ್ ಹಿಡಿಯಿತು, ನಿದ್ದೆ ತಿಳಿದೆದ್ದವರು ಗಂಟಲು ಸರಿಮಾಡಿಕೊಳ್ಳುವ ಹಾಗೆ. ಕೇಬಲ್ ನೆಲದ ಮೇಲೆಯೇ ಕುಕ್ಕರಿಸಿ ಊಟದ ಡಬ್ಬಿಯ ಕಡೆ ಕೈ ಚಾಚಿದ.

ಅಕ್ಕ ಇಂಜಿನ್ ಆರಿಸಿ ಇಳಿದಳು. "ಹಳೇದು ಕಿತ್ತು ನಿನ್ನ ವ್ಯಾನಿಂದು ಇದಕ್ಕೆ ಹಾಕು. ನನ್ನ ಕಣ್ಣೆದುರಿಗೆ."

ಹಾಕಿದೆ. ಮೊಳೆ ತೆಗೆದುಕೊಂಡು, ಎಂಟು ತಿಂಗಳ ಹಿಂದೆ ಗೀರಿದ್ದರ ಪಕ್ಕದಲ್ಲಿ ಆವತ್ತಿನ ತಾರೀಖನ್ನೂ ಗೀರಿದೆ. ಅವಳು ಬಗ್ಗಿ ಓದಿ, "ಎರಡು ಇನ್ನೂ ಬಾತುಕೋಳಿನೇ," ಎಂದಳು. ಅಷ್ಟೇ ಮಾತು. ಆ ಸಂಜೆ ಕೇಬಲ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ಓಡಿಸಿ ನೋಡಿ ಬಂದಳು. ನನ್ನನ್ನು ಕರೆಯಲಿಲ್ಲ.

ಮರುದಿನ ಬೆಳಿಗ್ಗೆ ನಾನು ಗುಡ್ಡದ ಬುಡಕ್ಕೆ ನಡೆದುಕೊಂಡೇ ಹೋದೆ, ವ್ಯಾನಿಗೆ ಬ್ಯಾಟರಿ ಇರಲಿಲ್ಲವಲ್ಲ. ಎಂಟಕ್ಕೆ ಐದು ನಿಮಿಷ ಇತ್ತು. ಕಾರು ತುಂಬಿತ್ತು. ಟೀಚರಮ್ಮ ನಡುವಿನ ಸೀಟಿನಲ್ಲಿ ಎಡ ಕಿಟಕಿಯ ಪಕ್ಕ, ಸೂಜಿಯ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ಗಡಿಯಾರ ಸಾಹೇಬರು ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ಪುಸ್ತಕ.

"ಏನಯ್ಯ ಬಲೂನು, ಮೀಸೆ ಬೆಳೆದಿಲ್ವಲ್ಲ," ಎಂದರು. "ಇಲ್ಲಿ ಬರೆದಿದೆ ನೋಡು. ನಾಲ್ಕನೇ ಗೇರು. ಲೀಟರ್‌ಗೆ ಇಪ್ಪತ್ತೆರಡು."

ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು. ಅಕ್ಕ ಸ್ಟೀರಿಂಗ್ ಮೇಲೆ ಕೈ ಇಟ್ಟುಕೊಂಡು ನೇರ ರಸ್ತೆಯನ್ನೇ ನೋಡುತ್ತಿದ್ದಳು. ನನ್ನ ನಾಲಿಗೆಯ ತುದಿಗೆ ಮೂರು ಕತೆ ಬಂದವು, ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಮೂರನ್ನೂ ನುಂಗಿದೆ.

"ಅದು ಸುಳ್ಳು ಸಾರ್. ಏಳನೇ ತಿರುವು ಎರಡನೇ ಗೇರಲ್ಲಿ. ಮಿಕ್ಕಿದ್ದೆಲ್ಲಾ ಮೂರರಲ್ಲಿ. ಲೀಟರ್‌ಗೆ ಹದಿಮೂರು ಕೊಡ್ತಾ ಇತ್ತು, ಹದಿನಾಲ್ಕೂವರೆ ಆಗಬಹುದು. ಇನ್ನೂ ಅಳೆದಿಲ್ಲ."

ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. "ನೀನು ಎರಡು ಅಂದ್ರೆ ಒಂದು ಅಂತ ಬರ್ಕೋಬೇಕು. ಒಂದನೇ ಗೇರಲ್ಲಿ ತೆವಳ್ಕೊಂಡು ಹೋಗೋ ಗಾಡಿ ನಮಗೆ ಬೇಡ. ಅಷ್ಟು ದೂರ ಬರೋದೇ ದಂಡ."

ಅವರ ಕೈ ಬಾಗಿಲಿನ ಹಿಡಿಗೆ ಹೋಗಿತ್ತು. ನಿಜವಾಗಿಯೂ ಇಳಿಯುವವರಿದ್ದರು. ನಿಜ ಹೇಳಿಯೂ ಕೆಡಿಸಿದೆನಲ್ಲ ಅನ್ನಿಸಿತು.

"ಸಾರ್," ಎಂದಳು ಅಕ್ಕ, ರಸ್ತೆಯಿಂದ ಕಣ್ಣು ತೆಗೆಯದೆ. "ಇವತ್ತು ಅವನು ಹೇಳಿದ ಹಾಗೇ ಬರ್ಕೊಳ್ಳಿ. ಎರಡು ಅಂದ್ರೆ ಎರಡು. ಸುಳ್ಳಾದ್ರೆ ಗುಡ್ಡದ ಮೇಲೆ ನಾನೇ ನಿಮಗೆ ಕೀ ಕೊಡ್ತೀನಿ."

ಸಾಹೇಬರು ಕೈಗಡಿಯಾರ ನೋಡಿದರು. ಹಳೆಯದನ್ನು ಹೊಡೆದುಹಾಕಿ ಹೊಸದಾಗಿ ಬರೆದುಕೊಂಡರು. ಕಾರು ಹೊರಟಿತು.

ನಾನು ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತೆ. ಗುಡ್ಡದ ರಸ್ತೆ ಕೆಳಗಿನಿಂದ ಅಲ್ಲಲ್ಲಿ ಮಾತ್ರ ಕಾಣುತ್ತದೆ, ಸದ್ದು ಪೂರ್ತಿ ಕೇಳಿಸುತ್ತದೆ. ಇಂಜಿನ್ನಿನ ಸದ್ದು ಕೇಳಿ ಗೇರು ಹೇಳುವುದು ನನಗೆ ಬರುತ್ತದೆ, ಇದು ಜಂಬವಲ್ಲ, ಕಸುಬು. ಮೊದಲ ತಿರುವು, ಮೂರನೇ ಗೇರು. ಎರಡು, ಮೂರು, ನಾಲ್ಕು, ಎಲ್ಲಾ ಮೂರನೇ ಗೇರೇ. ಐದರಲ್ಲಿ ಬಿಸಿಲಿಗೆ ಗಾಜು ಮಿಂಚಿ ಮರೆಯಾಯಿತು. ಹಿಂದೆ ಕಪ್ಪು ಹೊಗೆ ಇರಲಿಲ್ಲ. ಆರು ದಾಟಿತು.

ಆಮೇಲೆ ಸದ್ದು ತಟ್ಟನೆ ತಗ್ಗಿತು.

ನಾನು ಎದ್ದು ನಿಂತೆ. ಹಿಂದಿನ ತಿಂಗಳು ಹೀಗೇ ತಗ್ಗಿತ್ತಂತೆ, ತಗ್ಗಿ ಕೆಮ್ಮಿ ನಿಂತಿತ್ತಂತೆ. ಒಂದು ಕ್ಷಣ ಏನೂ ಇಲ್ಲ, ಎಲ್ಲೋ ಒಂದು ಹಕ್ಕಿ ಮಾತ್ರ. ಮತ್ತೆ ಸದ್ದು ಬಂತು, ದಪ್ಪಗೆ, ಒಂದೇ ಸಮನೆ. ಎರಡನೇ ಗೇರು. ಇಳಿಸಿದ್ದಳು ಅಷ್ಟೇ. ಆ ದಪ್ಪ ಸದ್ದು ಕಟ್ಟೆಯ ಆಚೆ ಏರುತ್ತಾ ಏರುತ್ತಾ ಹೋಗಿ ಮತ್ತೆ ಮೂರಕ್ಕೆ ಹಗುರಾಯಿತು. ಎಂಟು. ಒಂಬತ್ತು. ಆಮೇಲೆ ಕೇಳಿಸಲಿಲ್ಲ.

ಕಾಲು ಗಂಟೆಯಾದ ಮೇಲೆ ಫೋನು ಬಂತು.

"ನ್ಯಾಯವಾಗಿ ಎರಡನೇ ಗೇರು," ಎಂದಳು ಅಕ್ಕ. "ಸಾಹೇಬ್ರು ಟಿಕ್ ಹಾಕಿದ್ರು. ಶನಿವಾರನೂ ನಾನೇ ಬರಬೇಕಂತೆ. ಟೀಚರಮ್ಮ ದಾರಿಯಲ್ಲಿ ನಿದ್ದೆ ಮಾಡ್ತಾ ಇದ್ರು."

"ಅಕ್ಕ..."

"ನನ್ನ ಬ್ಯಾಟರಿ ಎಲ್ಲೋ?"

"ಹುಡುಕ್ತಾ ಇದೀನಿ."

"ಕೂತ್ಕೊಂಡು ಹುಡುಕ್ತಾ ಇದೀಯಾ, ಎದ್ದು ಹುಡುಕ್ತಾ ಇದೀಯಾ?"

ನಾನು ಕಲ್ಲಿನ ಮೇಲೆ ಕೂತಿದ್ದೆ. "ಕೂತಿದ್ದೆ," ಎಂದೆ. "ಈಗ ಎದ್ದೆ."

ಎದ್ದು, ತರಕಾರಿ ಮಾರುಕಟ್ಟೆಯ ಕಡೆ ನಡೆದೆ.